ಹಾಡಿಲ್ಲದ ಕುಣಿತ

"ಸ್ಟೇಜು ಹಲಗೀದೋ ಸಿಮೆಂಟಿಂದೋ ಅಂತ ಒಬ್ಬಾಂವ ಬಂದು ಕೇಳಿದನ್ರಿ," ಎಂದರು ಸಿದ್ದಬಸಪ್ಪ. "ನೀವು ಯಾವ ಕಡೆ ಜಾಸ್ತಿ ಕುಣೀತೀರಿ, ಅದರ ಕೆಳಗ ಹೋಗಾಕ ದಾರಿ ಐತೇನು ಅಂತ."

ಕೃಷ್ಣವೇಣಿ ಕಾಲಿಗೆ ಪಟ್ಟಿ ಸುತ್ತುವುದನ್ನು ನಿಲ್ಲಿಸಿದಳು.

ರಾಯದುರ್ಗದ ಕಲ್ಯಾಣಮಂಟಪದಲ್ಲಿ ಅವಳ ತಂಡದ ನೃತ್ಯ ಶುರುವಾಗಲು ಇನ್ನೊಂದು ಗಂಟೆಯಿತ್ತು. ಏರ್ಪಡಿಸಿದವರು ನಿವೃತ್ತ ಮೇಷ್ಟ್ರು ಸಿದ್ದಬಸಪ್ಪ. ಕೇಳಿದವನು ಹೇಗಿದ್ದ ಎಂದಳು. ಎತ್ತರದ ಆಳು, ಎಡಹುಬ್ಬಿನ ಮೇಲೆ ಗಾಯದ ಗುರುತು, ಮಡಕಶಿರಾ ಕಡೆಯ ಮಾತು ಎಂದರು.

ಮಾರೇಶ. ಅವಳ ಅಣ್ಣ.

ಒಂಬತ್ತು ವರ್ಷಗಳ ಹಿಂದೆ, ಮಡಕಶಿರಾ ಹತ್ತಿರದ ರತ್ನಗಿರಿಯಲ್ಲಿ, ತಮ್ಮ ಮನೆಯ ಮುಂದೆ ಅವನು ಗುದ್ದಲಿ ಹಿಡಿದು ನಿಂತಿದ್ದ. "ಸ್ಟೇಜ್ ಹತ್ತು ನೋಡನ. ಕಾಲು ಮುರಿದಾಕ್ತೀನಿ," ಎಂದಿದ್ದ. ಅವ್ವ ಅಡ್ಡ ಬಂದಿದ್ದರಿಂದ ಕೃಷ್ಣವೇಣಿ ಬಸ್ಸು ಹತ್ತಿದ್ದಳು. ಆಮೇಲೆ ಮನೆಗೆ ಹೋಗಲಿಲ್ಲ. ಫೋನು ಮಾಡಿದಾಗಲೆಲ್ಲ ಅವನೇ ಎತ್ತುತ್ತಿದ್ದುದರಿಂದ ಅದನ್ನೂ ಬಿಟ್ಟಳು.

ಬೆಂಗಳೂರಿನಲ್ಲಿ ಆಧುನಿಕ ನೃತ್ಯ ಕಲಿತಳು. ಬೇರೆಯವರ ತಂಡಗಳ ಹಿಂದಿನ ಸಾಲಿನಲ್ಲಿ ಆರು ವರ್ಷ ಕುಣಿದು, ಕೊನೆಗೆ ತನ್ನದೇ ತಂಡ ಕಟ್ಟಿದಳು. ಈಗಿನ ನೃತ್ಯ ಕುರಿ ಕಾಯುವ ಹೆಂಗಸಿನ ಒಂದು ದಿನ, ಕುಣಿಯುವವಳು ಅವಳೊಬ್ಬಳೇ. ಹಾಡಿಲ್ಲ, ವಾದ್ಯವಿಲ್ಲ, ಮೈಯೇ ಎಲ್ಲ ಹೇಳಬೇಕು. ಅದನ್ನು ತನ್ನ ಸೀಮೆಯ ಜನರೆದುರು ಕುಣಿಯಬೇಕೆಂಬುದು ಅವಳ ಹಟ.

ಮೊದಲ ಪ್ರದರ್ಶನ ನಡೆದ ಮಡಕಶಿರಾದಲ್ಲಿ, ನೃತ್ಯದ ನಡುವೆಯೇ ನಿಧಾನವಾಗಿ ಬಾಗಿಲು ದಾಟುತ್ತಿದ್ದ ಮಾರೇಶನ ಬೆನ್ನು ಕಂಡಿತ್ತು. ಬೊಮ್ಮನಹಾಳಿನಲ್ಲಿ ಪ್ರದರ್ಶನ ಮುಗಿದಾಗ ಸ್ಟೇಜಿನ ಹಿಂದಿನ ಪರದೆ ಬಿಚ್ಚಿಕೊಂಡಿತ್ತು. ಇಂದು ಮೂರನೆಯದು.

ಬೆಳಕು ನೋಡಿಕೊಳ್ಳುವ ನಾಗಾರ್ಜುನ ಸ್ಟೇಜಿನ ಕೆಳಗೆ ನುಸುಳಿ ಬೋಲ್ಟುಗಳನ್ನೆಲ್ಲ ಬಿಗಿಮಾಡಿ ಬಂದ. ಯಾರೂ ಇಲ್ಲ ಎಂದ. ಪೊಲೀಸರಿಗೆ ತಿಳಿಸೋಣವೇ ಎಂದರು ಸಿದ್ದಬಸಪ್ಪ. ಬೇಡವೆಂದಳು. ಪೊಲೀಸರು ಬಂದರೆ ಕಾರ್ಯಕ್ರಮ ನಿಲ್ಲುತ್ತದೆ, ಅವನು ಬಯಸಿದ್ದೂ ಅದೇ ಇರಬೇಕು.

ಐದಕ್ಕೆ ದೀಪ ಹೊತ್ತಿತು. ಮೊದಲ ಹೆಜ್ಜೆಗಳು ಸರಾಗವಾಗಿ ಬಂದವು. ಆಮೇಲೆ ಹಲಗೆಗಳ ಸಂದಿಯಲ್ಲಿ ಬೆಳಕೊಂದು ಮಿಣುಕಿತು.

ಅವಳು ಎಡಕ್ಕೆ ಸರಿದಳು. ಕೆಳಗೆ ಏನೋ ತೆವಳಿದ ಸದ್ದು, ಅದೂ ಎಡಕ್ಕೆ. ಬಲಕ್ಕೆ ತಿರುಗಿದಳು. ಸದ್ದೂ ತಿರುಗಿತು. ಹಲಗೆಗೆ ಯಾರೋ ಕೈಯಿಟ್ಟಂತೆ ಅಂಗಾಲಿನಡಿ ಸಣ್ಣ ಅದುರು. ಮುಂದಿನದು ಎತ್ತರದ ಜಿಗಿತ. ಬಂದು ಇಳಿಯಬೇಕಾದದ್ದು ಅದೇ ಹಲಗೆಯ ಮೇಲೆ.

ಅವಳು ಜಿಗಿಯಲಿಲ್ಲ. ನಿಂತುಬಿಟ್ಟಳು. ಅದೂ ನೃತ್ಯದ ಭಾಗವೆಂದುಕೊಂಡು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮೆಲ್ಲಗೆ ಹಿಂದಕ್ಕೆ ಸರಿದು, ಮೆಟ್ಟಿಲಿಳಿದು, ಸ್ಟೇಜಿನ ಬುಡಕ್ಕೆ ಇಳಿಬಿಟ್ಟಿದ್ದ ಪರದೆ ಎತ್ತಿದಳು.

ಮಾರೇಶ ಮೊಬೈಲಿನ ಟಾರ್ಚು ಹಿಡಿದು ಮಂಡಿಯೂರಿ ಕೂತಿದ್ದ. ತಂಗಿಯನ್ನು ಕಂಡು ತಲೆತಗ್ಗಿಸಿ ಕೈಮುಗಿದ. ಅವನ ಪಕ್ಕದಲ್ಲಿ ಅವ್ವ ಮೈಲಾರಮ್ಮ ಎರಡೂ ಅಂಗೈಗಳನ್ನು ಮೇಲಿನ ಹಲಗೆಗೆ ಒತ್ತಿಕೊಂಡು ಕೂತಿದ್ದಳು. ಬೆಳಕು ನೇರ ಮುಖಕ್ಕೇ ಬಿದ್ದರೂ ಬಿಳಿಗಟ್ಟಿದ ಅವಳ ಕಣ್ಣುಗಳು ಮಿಟುಕಲಿಲ್ಲ.

"ಲೋ ಮಾರೇಶ, ಹುಡುಗಿ ಯಾಕೋ ನಿಂತ್ಬಿಟ್ಲು," ಎಂದಳು ಅವ್ವ, ಹಲಗೆಯನ್ನು ತಡವುತ್ತ. "ಕಾಲೇ ಸಿಕ್ತಿಲ್ಲ ಕಣೋ ಕೈಗೆ."