ಶಾಲಿನ ಇನ್ನೊಂದು ತುದಿ

ಟ್ರಂಕಿನಿಂದ ಯಾವುದೇ ಶಾಲು ತೆಗೆದಾಗ ಬರುವ ನುಸಿಗುಳಿಗೆಯ ವಾಸನೆ ಇಂದಿಗೂ ನನ್ನನ್ನು ಹುತ್ರಿದುರ್ಗದ ತಪ್ಪಲಿನ ನಮ್ಮೂರ ಸ್ಕೂಲಿನ ಅಂಗಳಕ್ಕೆ ಎಳೆದೊಯ್ಯುತ್ತದೆ.

ಅಪ್ಪ ಸತ್ತ ಮೇಲೆ ದೊಡ್ಡಪ್ಪ ನಮ್ಮನ್ನು ಮನೆಯಿಂದ ಹೊರಹಾಕಲು ಹೊರಟಿದ್ದ. ಕುಣಿಗಲ್ಲಿನ ಲಾಯರೊಬ್ಬರು ಅವ್ವನಿಂದ ಒಂದು ಕಾಸೂ ಮುಟ್ಟದೆ ಕೇಸು ನಡೆಸಿ ಮನೆ ಉಳಿಸಿಕೊಟ್ಟರು. ಅಂದಿನಿಂದ ದೊಡ್ಡಪ್ಪ ಅವ್ವನ ಜೊತೆ ಮಾತು ಬಿಟ್ಟಿದ್ದ. ನಾನು ಸ್ಕೂಲು ಬಿಟ್ಟು ಗ್ಯಾರೇಜು ಸೇರಿದ್ದು ಆ ವರ್ಷವೇ. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಅಂಥ ಎಷ್ಟೋ ಬಡವರ ಕೇಸು ನಡೆಸಿದ ಆ ಲಾಯರಿಗೆ ಊರವರು ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸುವುದು ಊರಿನ ಹಿರಿಯನ ಹಕ್ಕು; ನಮ್ಮೂರಿಗೆ ಆ ಹಿರಿಯ ದೊಡ್ಡಪ್ಪನೇ. ಮೇಷ್ಟ್ರು ಅಭ್ಯಾಸಬಲದಿಂದ ಮೈಕಿನಲ್ಲಿ ದೊಡ್ಡಪ್ಪನ ಹೆಸರು ಕೂಗಿಬಿಟ್ಟರು. ಕೂಗಿದ ಮೇಲೆ ಅವರೇ ನಾಲಿಗೆ ಕಚ್ಚಿಕೊಂಡರು.

"ಹೊದಿಸ್ತಾನೋ, ಕುತ್ತಿಗೆಗೆ ಬಿಗೀತಾನೋ ನೋಡ್ಲಾ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಅವ್ವ ನನ್ನ ಕೈಯನ್ನು ನೋಯುವಂತೆ ಹಿಡಿದಳು.

ದೊಡ್ಡಪ್ಪ ಎದ್ದು ಹೋಗಿ ನುಸಿಗುಳಿಗೆ ವಾಸನೆಯ ಶಾಲಿನ ಮಡಿಕೆ ಬಿಡಿಸಿದ. ಲಾಯರು ತಲೆ ಬಾಗಿಸಿದರು. ದೊಡ್ಡಪ್ಪ ಹೊದಿಸಲಿಲ್ಲ. ಹೆಂಗಸರ ಕಡೆ ತಿರುಗಿ ಅವ್ವನನ್ನು ಗದರಿದ:

"ಏನಮ್ಮ, ಅಲ್ಲೇ ಬೇರು ಬಿಟ್ಟಿದೀಯ? ನನ್ನ ಸೋಲ್ಸಿದ ಲಾಯರ್ರು ಕಣಮ್ಮ ಇವ್ರು, ನಾನೊಬ್ನೇ ಹೊದಿಸಿದ್ರೆ ಊರು ನಗಲ್ವಾ? ಬಾ, ಈ ತುದಿ ಹಿಡ್ಕೊ."

ಅವ್ವ ನನ್ನ ಕೈ ಬಿಟ್ಟು, ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. ದೊಡ್ಡಪ್ಪನ ಮುಖ ನೋಡದೆಯೇ ಶಾಲಿನ ತುದಿ ಹಿಡಿದಳು. ಇಬ್ಬರೂ ಸೇರಿ ಹೊದಿಸಿದರು.

ಚಪ್ಪಾಳೆ ತಟ್ಟಬೇಕೆಂಬುದು ನಮಗೆ ಯಾರಿಗೂ ನೆನಪಾಗಲೇ ಇಲ್ಲ.