ಒಂದೇ ನಂಬರಿನ ಎರಡು ಗಿಟಾರ್

ಪೃಥ್ವಿರಾಜ್ ಕೇಳದೆಯೇ ಪರದೆ ಸರಿಸಿದ. ಒಳಕೋಣೆಯ ಗೋಡೆಯಲ್ಲಿ ಒಂದೇ ಒಂದು ಗಿಟಾರ್ ತೂಗುತ್ತಿತ್ತು. ಅದರ ತಲೆಯ ಮೇಲೆ ಅಮೆರಿಕದ ಕಂಪೆನಿಯ ಹೆಸರಿತ್ತು.

“ಜಯಶೀಲಣ್ಣ, ಇದು ಎಂತ?”

ಜಯಶೀಲ ಕೈಯಲ್ಲಿದ್ದ ಉಜ್ಜುಕಾಗದವನ್ನು ಕೆಳಗಿಟ್ಟ. “ಗಿಟಾರ್.”

“ಅದು ನಂಗೂ ಕಾಣ್ತದೆ.”

ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರದ ಆ ಮಹಡಿಯ ಅಂಗಡಿಯಲ್ಲಿ ಜಯಶೀಲ ಬಹಳ ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಮಾಡುತ್ತಿದ್ದ. ತಾನೂ ಮಾಡಿ ಮಾರುತ್ತಿದ್ದ. ಮರವನ್ನು ತುರ್ಭೆಯಲ್ಲಿ ಕೊಯ್ಯಿಸಿ, ಅಲ್ಲೇ ಒಂದು ಗ್ಯಾರೇಜಿನಲ್ಲಿ ಕಾರಿಗೆ ಹೊಡೆಯುವ ಬಣ್ಣ ಹೊಡೆಸುತ್ತಿದ್ದ. ಆಕಾರ ಅಮೆರಿಕದ್ದು, ಹೆಸರು ತನ್ನದು. ಮುಂಗೋಣೆಯ ಗೋಡೆಯ ತುಂಬ ಅವೇ ಇದ್ದವು. ಆಕಾರ ಕದ್ದದ್ದಕ್ಕೆ ಇಷ್ಟು ದಿನ ಯಾರೂ ಬಂದು ಕೇಳಿರಲಿಲ್ಲ. ಹೆಸರು ಕದ್ದರೆ ಪೊಲೀಸರು ಬರುತ್ತಾರೆಂದು ಅವನಿಗೆ ಗೊತ್ತಿತ್ತು.

ಪೃಥ್ವಿರಾಜ್ ಥಾಣೆ ನಗರದಲ್ಲಿ ಗಿಟಾರ್ ಕಲಿಸುವವನು. ಈಚೆಗೆ ಆ ಕಂಪೆನಿಯ ಏಜೆಂಟರು ಅವನಿಗೆ ಇನ್ನೊಂದು ಕೆಲಸ ಕೊಟ್ಟಿದ್ದರು: ನಕಲಿ ಹುಡುಕುವುದು. ಅವನ ವಿಧಾನ ಸರಳ. ಸಂಶಯ ಬಂದ ಗಿಟಾರಿನ ಪಕ್ಕ ತನ್ನದನ್ನು ಇಟ್ಟು ನೋಡುತ್ತಿದ್ದ. ಅವನದು ಅದೇ ಕಂಪೆನಿಯದು, ಹಡಗಿನ ಕೆಲಸದಲ್ಲಿದ್ದ ಮಾವ ತಂದುಕೊಟ್ಟದ್ದು.

ಅವನು ಬೆನ್ನಿನ ಚೀಲ ಬಿಚ್ಚಿ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದ. ಒಂದೇ ಕಂದುಬಣ್ಣ, ಒಂದೇ ಅಂಚು. ಜಯಶೀಲನ ಕಣ್ಣು ಪೃಥ್ವಿರಾಜನ ಗಿಟಾರಿನ ಮೇಲೇ ನಿಂತಿತು.

“ನನ್ನದರದ್ದೇ ಅಳತೆ ತೆಗ್ದಿದ್ದೀರಿ. ಮದುವೆಗೆ ಮೊದಲು ಕತ್ತಿನ ಫ್ರೆಟ್ ಪಟ್ಟಿ ಬದಲಿಸ್ಲಿಕ್ಕೆ ಕೊಟ್ಟಿದ್ದೆ. ತಿಂಗಳುಗಟ್ಟಲೆ ಇಟ್ಕೊಂಡ್ರಿ. ಆಗಲೇ ಅಲ್ವಾ?”

“ಆಗಲೇ.”

“ಅಳತೆ ತೆಗೀರಿ, ಚಲೇಗಾ, ಪರ್ವಾಗಿಲ್ಲ. ಹೆಸರು ಯಾಕೆ?”

“ಅದು ಮಾರ್ಲಿಕ್ಕೆ ಅಲ್ಲ. ನೋಡಿ ಕಲೀಲಿಕ್ಕೆ ಇಟ್ಟದ್ದು.”

“ಎಲ್ಲ ಅಂಗಡಿಯವ್ರೂ ಇದನ್ನೇ ಹೇಳ್ತಾರೆ ಮಾರಾಯ್ರೆ.”

ಪೃಥ್ವಿರಾಜ್ ಎರಡನ್ನೂ ಮಗುಚಿದ. ಹಿಂಬದಿಯ ಉಕ್ಕಿನ ಪಟ್ಟಿಯಲ್ಲಿ ಕೊರೆದ ನಂಬರ್ ಓದಿದ. ಇನ್ನೊಂದರದ್ದನ್ನೂ ಓದಿದ. ಎರಡೂ ಒಂದೇ.

“ನಂಬರನ್ನೂ ಬಿಡ್ಲಿಲ್ಲ ನೀವು.”

ಪೃಥ್ವಿರಾಜ್ ಒಂದಾದ ಮೇಲೆ ಒಂದನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಅದೇ ಸ್ವರಗಳನ್ನು ಮೀಟಿದ. ಗೋಡೆಯಿಂದ ಇಳಿಸಿದ್ದರ ದನಿ ಬೇರೆ ಇತ್ತು. ಅವನು ತಲೆಯಾಡಿಸಿದ. “ನಾನು ದಿನಾ ಕೇಳುವ ದನಿ ಅಲ್ಲ ಇದು. ಒಂದು ಸ್ಕ್ರೂಡ್ರೈವರ್ ಕೊಡಿ. ಕತ್ತು ಬಿಚ್ಚಿದ್ರೆ ಒಳಗೆ ಕಂಪೆನಿಯ ಮುದ್ರೆ ಉಂಟಾ ಇಲ್ವಾ ಗೊತ್ತಾಗ್ತದೆ.”

“ಯಾವುದರದ್ದು?”

“ಎರಡರದ್ದೂ.”

ಜಯಶೀಲ ಸ್ಕ್ರೂಡ್ರೈವರ್ ಕೊಟ್ಟ. ಪೃಥ್ವಿರಾಜ್ ಮೊದಲು ತನ್ನದನ್ನೇ ಎತ್ತಿಕೊಂಡ. ತುದಿಯನ್ನು ಸ್ಕ್ರೂವಿನ ಸೀಳಿಗೆ ಇಟ್ಟ. ಆಗ ಮೇಜಿನ ಮೇಲಿದ್ದ ಇನ್ನೊಂದರ ಮೈಯಲ್ಲಿ ಒಂದು ಕೆಂಪು ಕಲೆ ಕಂಡಿತು.

“ಇದೆಂತ?”

“ಕುಂಕುಮ. ಮೊನ್ನೆ ಆಯುಧಪೂಜೆಗೆ ಪುಷ್ಪ ಅಂಗಡಿಯಲ್ಲಿದ್ದ ಎಲ್ಲದಕ್ಕೂ ಹಚ್ಚಿದ್ಳು. ಗರಗಸ, ಡ್ರಿಲ್ಲು, ಗಿಟಾರು. ನನ್ನನ್ನೊಂದು ಬಿಟ್ಳು.”

ಮುಂಗೋಣೆಯ ಗಿಟಾರುಗಳನ್ನೆಲ್ಲ ಜಯಶೀಲನ ಹೆಂಡತಿ ಪುಷ್ಪಾವತಿ ಮರುದಿನವೇ ಒರೆಸಿದ್ದಳು. ಒಂದರಲ್ಲೂ ಗುರುತಿರಲಿಲ್ಲ. ಪೃಥ್ವಿರಾಜ್ ಕರವಸ್ತ್ರ ಒದ್ದೆ ಮಾಡಿ ಈ ಕಲೆಯನ್ನು ಉಜ್ಜಿದ. ಇನ್ನೊಮ್ಮೆ ಬಲವಾಗಿ ಉಜ್ಜಿದ. ಕೆಂಪು ಹೋಗಲಿಲ್ಲ.

ಅವನು ನಕ್ಕು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಹಾಕಿದ.

“ಬಿಚ್ಚೋದೇ ಬೇಡ. ಮದುವೆ ಆದ ವರ್ಷ ಅನುಷ್ಕಾ ನನ್ನದಕ್ಕೂ ಹಚ್ಚಿದ್ಳು. ದೊಡ್ಡ ಜಗಳ ಆಯ್ತು ಮನೇಲಿ. ಮರುದಿನ ಒರೆಸಿದ್ರೆ ಒಂದು ಚುಕ್ಕೆ ಇಲ್ಲ. ಅದು ಒರಿಜಿನಲ್ ಬಣ್ಣ ಜಯಶೀಲಣ್ಣ. ಇದು ನೋಡಿ, ಕುಂಕುಮ ಕುಡಿದು ಕೂತಿದೆ.”

ಜಯಶೀಲ ಸ್ಕ್ರೂಡ್ರೈವರನ್ನು ಎತ್ತಿ ಒಳಗಿಟ್ಟ.

“ಕಂಪ್ಲೇಂಟ್ ಕೊಟ್ರೆ ಅಂಗಡಿಗೆ ಬೀಗ, ನೀವು ಲಾಕಪ್ಪಲ್ಲಿ,” ಎಂದ ಪೃಥ್ವಿರಾಜ್. “ಉಡುಪಿ ಕಡೆಯವ್ರು ನೀವು. ನಂಗೆ ಮನಸ್ಸಿಲ್ಲ. ಇದನ್ನು ನನ್ನೆದುರೇ ಕೊಯ್ದು ಹಾಕಿ. ಇಲ್ಲಿ ಏನೂ ಸಿಗ್ಲಿಲ್ಲ ಅಂತ ಹೇಳ್ತೇನೆ.”

“ಬೇರೆ ದಾರಿ ಇಲ್ವಾ?”

“ಇದ್ರೆ ನೀವೇ ಹೇಳಿ.”

ಜಯಶೀಲ ಬಾಯಿ ತೆರೆದ. ಪೃಥ್ವಿರಾಜ್ ಕಾದ. ಕೆಳಗೆ ಕಲ್ಯಾಣದ ಕಡೆಗೆ ಒಂದು ಲೋಕಲ್ ರೈಲು ಹೋಯಿತು. ಜಯಶೀಲ ಬಾಯಿ ಮುಚ್ಚಿ, ಮೊಳೆಯಿಂದ ಗರಗಸ ತೆಗೆದುಕೊಂಡ.

ತಂತಿಗಳನ್ನು ಮೊದಲು ಬಿಚ್ಚಿದ. ಅದರ ಅಗತ್ಯವಿರಲಿಲ್ಲ. ಗರಗಸ ಮರಕ್ಕೆ ತಾಗಿದಾಗ ಅವನ ಕೈ ಜಾರಿತು. ಎರಡನೇ ಸಲವೂ ಜಾರಿತು.

“ತಾನೇ ಮಾಡಿದ್ದನ್ನು ತಾನೇ ಕೊಯ್ಯೋದು ಎಷ್ಟು ಕಷ್ಟ ಅಂತ ನಂಗೆ ಗೊತ್ತು.”

“ನಿಮಗೆ ಗೊತ್ತಿಲ್ಲ,” ಎಂದ ಜಯಶೀಲ.

ಮೈ ಎರಡು ತುಂಡಾಯಿತು. ಕತ್ತನ್ನೂ ಬಿಚ್ಚದೆ ಕೊಯ್ದೇ ಬೇರೆ ಮಾಡಿದ. ಕಂಪೆನಿಯ ಹೆಸರಿದ್ದ ತಲೆಯನ್ನು ಪೃಥ್ವಿರಾಜ್ ತಾನೇ ಚಪ್ಪಲಿಯಡಿ ಇಟ್ಟು ಮುರಿದ. ಆಮೇಲೆ ತನ್ನ ಗಿಟಾರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಚೀಲಕ್ಕೆ ಸೇರಿಸಿದ.

“ಚೆನ್ನಾಗಿ ನೋಡ್ಕೊಂಡಿದ್ದೀರಿ ಅದನ್ನು,” ಎಂದ ಜಯಶೀಲ.

“ನೋಡ್ಕೊಳ್ಬೇಕಲ್ಲ. ಬರ್ತೇನೆ.”

ಮೆಟ್ಟಿಲಲ್ಲಿ ಅವನಿಗೆ ದಾರಿ ಬಿಟ್ಟು ಪುಷ್ಪಾವತಿ ಊಟದ ಡಬ್ಬಿ ಹಿಡಿದು ಮೇಲೆ ಬಂದಳು. ನೆಲ ನೋಡಿ ನಿಂತಳು. ಬಗ್ಗಿ, ಕುಂಕುಮದ ಕಲೆಯಿದ್ದ ತುಂಡನ್ನು ಎತ್ತಿಕೊಂಡಳು.

“ತಲೆ ಕೆಟ್ಟಿದೆಯಾ ನಿಮಗೆ? ನೀವು ಮಾಡಿದ್ರಲ್ಲೆಲ್ಲ ಒಳ್ಳೇದು ಇದೊಂದೇ ಇತ್ತು.”

“ಇದು ನಾನು ಮಾಡಿದ್ದಲ್ಲ ಪುಷ್ಪ, ಅವರದ್ದೇ,” ಎಂದ ಜಯಶೀಲ. “ನಾನು ಮಾಡಿದ್ದನ್ನು ಅವರು ಈಗ ಬೆನ್ನಿಗೆ ಹಾಕ್ಕೊಂಡು ಹೋದ್ರು.”