ನಮ್ಮ ಮನೆಯಲ್ಲಿ ನನಗೊಬ್ಬನಿಗೇ ನಾರುಹುಣ್ಣು

ಪಾಚಿ ನೀರಿನ ವಾಸನೆ ಬಂದರೆ ಈಗಲೂ ಹಿಂದೂಪುರದ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮ ನೇಕಾರರ ಬೀದಿಯ ತುಂಬ ನಾರುಹುಣ್ಣು. ಕಾಲಿನಿಂದ ದಾರದಂಥ ಹುಳು ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ನನಗೊಬ್ಬನಿಗೇ. ನನ್ನ ಕಾಲಿನದನ್ನು ಮಗ್ಗಕ್ಕೆ ಹಾಕಿದ್ದರೆ ಒಂದು ಪಂಚೆಯೇ ಆಗುತ್ತಿತ್ತು!

"ನಾಗದೋಷ ಕಣಪ್ಪ," ಎಂದಳು ಅಜ್ಜಿ.

ಬೀದಿಯ ಕಾಯಿಲೆಯ ಬಗ್ಗೆ ವಿಚಾರಿಸಲು ಬಂದಿದ್ದ ಡಾಕ್ಟರು ಒಪ್ಪಲಿಲ್ಲ. "ಎಲ್ರೂ ಕುಡಿಯೋದು ಅದೇ ಮೆಟ್ಟಿಲುಬಾವಿ ನೀರು. ನಿಮ್ಮನೇಲಿ ಇವನೊಬ್ಬನಿಗೇ ಯಾಕಮ್ಮ?"

"ಬೇರೆಯೋರಂಗಲ್ಲ, ನಾನು ಬಟ್ಟೇಲಿ ಸೋಸದೆ ಯಾರ್ಗೂ ನೀರು ಕೊಡಾಕಿಲ್ಲ. ಈ ಕೋತಿ ಈಜಕ್ಕೋಗಿ ಅಲ್ಲೇ ಎಮ್ಮೆ ಥರ ಕುಡ್ದು ಬತ್ತಾನೆ!"

ಡಾಕ್ಟರು ಎದ್ದೇ ನಿಂತರು. "ಸಿಕ್ತಮ್ಮ! ಇನ್ಮೇಲೆ ಬೀದಿಗೆಲ್ಲ ಆ ಬಟ್ಟೇನೇ ಔಷಧಿ."

ಅಜ್ಜಿ ನನ್ನ ಕಾಲನ್ನೇ ನೋಡಿದಳು. ಆಮೇಲೆ ಸಂತೆಗೆಂದು ನೇಯ್ದಿಟ್ಟಿದ್ದ ಸೀರೆಯನ್ನು ಪರಪರನೆ ಹರಿದಳು.

"ಹೋಗ್ಲಾ, ಕುಂಟ್ಕೊಂಡಾದ್ರೂ ಹೋಗಿ ಮನೆಗೊಂದು ತುಂಡು ಕೊಟ್ಬಾ."